ಟೆನರ್‌ಗಳ ತಪ್ಪು ಎಲ್ಲಿತ್ತು: ಬ್ಯೂಲೋ ಅವರಿಂದ ನಾನು ಕಲಿತಿದ್ದು

ಬೆಂಗಳೂರಿನಲ್ಲಿ 22 ಜನರ ಒಂದು ಕ್ವಾಯರ್, ಅಂದರೆ ಸಮೂಹಗಾನದ ತಂಡ ನಡೆಸುತ್ತೇನೆ. ಪಿಯಾನೋ ನುಡಿಸುವವನೂ ನಾನೇ, ಎದುರಿಗೆ ನಿಂತು ಕೈಸನ್ನೆಯಿಂದ ಎಲ್ಲರನ್ನೂ ನಡೆಸುವ ಕಂಡಕ್ಟರ್ ಕೂಡ ನಾನೇ. ಕೋಪ ಮೊದಲಿಂದಲೂ ಮೂಗಿನ ತುದಿಯಲ್ಲೇ ಇರುತ್ತದೆ. ಮೂರು ವರ್ಷದ ಹಿಂದೆ ಕ್ರಿಸ್‌ಮಸ್‌ಗೆ ಹ್ಯಾಂಡಲ್‌ನ ‘ಹಲ್ಲೆಲೂಯ’ ಕಲಿಸುತ್ತಿದ್ದಾಗ ಟೆನರ್‌ಗಳು, ಅಂದರೆ ಗಂಡಸರಲ್ಲಿ ಎತ್ತರದ ದನಿಯವರು, ಒಂದೇ ಜಾಗದಲ್ಲಿ ಮತ್ತೆ ಮತ್ತೆ ತಪ್ಪಿದರು. ನಾನು ರೇಗಿ ಪಿಯಾನೋ ಮುಚ್ಚಳವನ್ನು ಧಡ್ ಅಂತ ಹಾಕಿ ಎದ್ದುಬಿಟ್ಟೆ. ಮುಂದಿನ ಶನಿವಾರ ಇಬ್ಬರು ಬರಲಿಲ್ಲ.

ಆಗ ನಾನು ಹಾನ್ಸ್ ಫಾನ್ ಬ್ಯೂಲೋ ಅವರ ಬಗ್ಗೆ ಓದುತ್ತಿದ್ದೆ. 1830ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಹುಟ್ಟಿದವರು, ಹೆಸರಾಂತ ಪಿಯಾನೋ ವಾದಕ ಲಿಸ್ಟ್ ಅವರ ಶಿಷ್ಯ. ಪಿಯಾನೋದಲ್ಲೂ ಕಂಡಕ್ಟಿಂಗ್‌ನಲ್ಲೂ ಆ ಕಾಲದ ದೊಡ್ಡ ಹೆಸರು. ರಷ್ಯಾದ ಸಂಯೋಜಕ ಚೈಕಾವ್‌ಸ್ಕಿಯ ಮೊದಲ ಪಿಯಾನೋ ಕನ್ಚೆರ್ಟೋವನ್ನು (ಆರ್ಕೆಸ್ಟ್ರಾ ಜೊತೆ ಪಿಯಾನೋ ನುಡಿಸುವ ಕೃತಿ) 1875ರಲ್ಲಿ ಬಾಸ್ಟನ್‌ನಲ್ಲಿ ಮೊಟ್ಟಮೊದಲು ನುಡಿಸಿದ್ದು ಇವರೇ. ಆ ಕಛೇರಿಗೂ ಮುಂಚೆ ಕಂಡಕ್ಟರ್ ಜೊತೆ ಜಗಳವಾಗಿ, ಬೇರೆಯವರನ್ನು ಕರೆಸಬೇಕಾಯಿತು. ನಾನು ಇಂಥ ಕಥೆಗಳನ್ನೇ ಹುಡುಕಿ ಓದುತ್ತಿದ್ದೆ. ಅಷ್ಟು ದೊಡ್ಡವರೂ ಹೀಗೇ ಇದ್ದರಲ್ಲ ಅಂತ ಒಂಥರಾ ಸಮಾಧಾನ.

ಮೈನಿಂಗನ್‌ನ ಅಧ್ಯಾಯಕ್ಕೆ ಬಂದಾಗ ಆ ಸಮಾಧಾನ ಹೋಯಿತು. ಜರ್ಮನಿಯ ಆ ಪುಟ್ಟ ಸಂಸ್ಥಾನದ ಆರ್ಕೆಸ್ಟ್ರಾವನ್ನು ಬ್ಯೂಲೋ 1880ರಿಂದ 1885ರವರೆಗೆ ನಡೆಸಿದರು. ಸುಮಾರು ಐವತ್ತೇ ಜನ. ತಂತಿ ವಾದ್ಯದವರಿಗೆ ಬೇರೆ ರಿಹರ್ಸಲ್, ಊದುವ ವಾದ್ಯದವರಿಗೆ ಬೇರೆ. ಆಮೇಲಷ್ಟೇ ಎಲ್ಲರೂ ಒಟ್ಟಿಗೆ. ಎದುರಿಗೆ ಹಾಳೆ ಇಲ್ಲದೆ, ನಿಂತುಕೊಂಡು ನುಡಿಸುವಷ್ಟು ತಯಾರಿ ಮಾಡಿಸಿದ್ದರು. ಬೀಥೋವನ್‌ನ ಒಂಬತ್ತನೇ ಸಿಂಫನಿಯನ್ನು ಒಂದೇ ಕಛೇರಿಯಲ್ಲಿ ಎರಡು ಸಲ ನುಡಿಸಿದರು. ಒಂದು ಸಲಕ್ಕೇ ಒಂದು ಗಂಟೆಗಿಂತ ಜಾಸ್ತಿ ಬೇಕು, ಯೋಚನೆ ಮಾಡಿ. ಕೋಪ ನಮ್ಮಿಬ್ಬರಿಗೂ ಇತ್ತು. ಈ ದುಡಿಮೆ ನನ್ನಲ್ಲಿ ಇರಲಿಲ್ಲ.

ಮೊದಲು ‘ಹಲ್ಲೆಲೂಯ’ವನ್ನು ನಾನೇ ಬಾಯಿಪಾಠ ಮಾಡಿದೆ. ಪಿಯಾನೋ ಮುಟ್ಟದೆ, ಸ್ವರ ಬರೆಯುವ ಗೆರೆಗಳಿರುವ ಖಾಲಿ ಸ್ಟಾಫ್ ಹಾಳೆಯ ಮೇಲೆ ನಾಲ್ಕೂ ಪಾರ್ಟ್‌ಗಳನ್ನು ನೆನಪಿನಿಂದ ಬರೆದೆ: ಹೆಂಗಸರ ಎತ್ತರದ ದನಿಗೆ ಸೊಪ್ರಾನೋ, ತಗ್ಗಿನದಕ್ಕೆ ಆಲ್ಟೋ, ಗಂಡಸರ ಎತ್ತರದ ದನಿಗೆ ಟೆನರ್, ತಗ್ಗಿನದಕ್ಕೆ ಬೇಸ್. ಮರೆತ ಕಡೆ ನಿಲ್ಲಿಸಿ, ಪುಸ್ತಕ ನೋಡಿ, ಮತ್ತೆ ಮೊದಲಿಂದ. ಹನ್ನೊಂದು ದಿನ ಹಿಡಿಯಿತು. ಆಲ್ಟೋ ಪಾರ್ಟ್ ನನಗೆ ಅಷ್ಟು ವರ್ಷ ಸರಿಯಾಗಿ ಗೊತ್ತೇ ಇರಲಿಲ್ಲ ಅನ್ನೋದು ಆಗ ತಿಳಿಯಿತು.

ಆಮೇಲೆ ಪಾರ್ಟ್‌ಗೊಂದು ದಿನ ಕೊಟ್ಟೆ. ಟೆನರ್‌ಗಳು ನಾಲ್ಕೇ ಜನ, ಬುಧವಾರ ಸಂಜೆ ಬಂದರು. ‘ಆತನು ಯುಗಯುಗಕ್ಕೂ ಆಳುವನು’ ಎಂಬ ಅರ್ಥದ ಸಾಲು ಬರುತ್ತದಲ್ವಾ, ಅಲ್ಲಿ ಮೊದಲು ಬೇಸ್ ಶುರು ಮಾಡುತ್ತಾರೆ, ಅವರ ಹಿಂದೆಯೇ ಟೆನರ್, ಆಮೇಲೆ ಆಲ್ಟೋ, ಕೊನೆಗೆ ಸೊಪ್ರಾನೋ. ಟೆನರ್‌ಗಳು ತಪ್ಪುತ್ತಿದ್ದದ್ದು ಅಲ್ಲೇ. ಪಿಯಾನೋ ಇಲ್ಲದೆ ಹಾಡಿಸಿ, ಸುಮ್ನೆ ಅವರ ಕೈ ನೋಡುತ್ತಾ ನಿಂತೆ. ನಾನು ಹಂಚಿದ್ದ ಜೆರಾಕ್ಸ್‌ನಲ್ಲಿ ಸರಿಯಾಗಿ ಆ ಜಾಗದಲ್ಲೇ ಹಾಳೆ ತಿರುಗಿಸಬೇಕಿತ್ತು. ಹೆಬ್ಬೆರಳು ಹಾಳೆಯ ಮೂಲೆ ಹುಡುಕುವಷ್ಟರಲ್ಲಿ ಉಸಿರು ತಗೊಳ್ಳುವ ಸಮಯ ಮುಗಿದಿರುತ್ತಿತ್ತು. ಇಷ್ಟಕ್ಕೇ ಅವರನ್ನು ಅಷ್ಟು ಬೈದಿದ್ದೆ.

ಅವತ್ತು ಎಂಟು ಸಾಲು ಹಾಳೆ ಇಲ್ಲದೆ ಕಲಿತರು. ಒಂದೂವರೆ ತಿಂಗಳಲ್ಲಿ ಇಡೀ ಹಾಡು. ಎಲ್ಲರಿಂದಲೂ ಆಗಲಿಲ್ಲ. ವಯಸ್ಸಾದ ಇಬ್ಬರಿಗೆ ಹಾಳೆ ಬೇಕೇ ಬೇಕಿತ್ತು, ದಪ್ಪ ಅಕ್ಷರದಲ್ಲಿ ಒಂದೇ ಪುಟಕ್ಕೆ ಬರೆದುಕೊಟ್ಟೆ.

ಬ್ಯೂಲೋ ಅವರ ಕಟುಮಾತನ್ನು ನಾನು ಸಮರ್ಥಿಸುವುದಿಲ್ಲ. ಅವರ ನೋವೂ ಸಣ್ಣದಲ್ಲ. 1865ರಲ್ಲಿ ಜರ್ಮನ್ ಸಂಯೋಜಕ ವಾಗ್ನರ್‌ನ ‘ಟ್ರಿಸ್ಟಾನ್’ ಆಪೆರಾವನ್ನು (ಸಂಗೀತ ನಾಟಕ) ಮ್ಯೂನಿಕ್‌ನಲ್ಲಿ ಮೊದಲ ಬಾರಿಗೆ ನಡೆಸಿಕೊಟ್ಟದ್ದು ಅವರು. ಅದೇ ವರ್ಷ ಅವರ ಹೆಂಡತಿ ಕೋಸಿಮಾ ಹೆತ್ತದ್ದು ವಾಗ್ನರ್‌ನ ಮಗುವನ್ನು. ಆದರೂ ಕೆಲಸ ಬಿಡಲಿಲ್ಲ. ನನಗೆ ತುಂಬಾ ಇಷ್ಟವಾದದ್ದು 1884ರ ಒಂದು ಘಟನೆ. ಮುಂದೆ ದೊಡ್ಡ ಸಂಯೋಜಕನಾದ, ಆಗಿನ್ನೂ ಇಪ್ಪತ್ತರ ಹುಡುಗ ರಿಚರ್ಡ್ ಸ್ಟ್ರಾಸ್‌ಗೆ ಮ್ಯೂನಿಕ್‌ನಲ್ಲಿ ಮೊದಲ ಸಲ ಕಂಡಕ್ಟ್ ಮಾಡಲು ಅವಕಾಶ ಕೊಟ್ಟರು. ಹುಡುಗನ ತಂದೆ ಹಾರ್ನ್ ವಾದಕ, ಬ್ಯೂಲೋಗೆ ಹಳೇ ವಿರೋಧಿ. ಅವರು ಕೃತಜ್ಞತೆ ಹೇಳಲು ಬಂದಾಗ ಬ್ಯೂಲೋ ಸಿಡಿದೆದ್ದರು. ನೀವು ನನಗೆ ಮಾಡಿದ್ದನ್ನು ಮರೆತಿಲ್ಲ, ಇದು ನಿಮಗಾಗಿ ಅಲ್ಲ, ಹುಡುಗನಲ್ಲಿ ಪ್ರತಿಭೆ ಇದೆ ಅಂತ ಮಾಡಿದ್ದು ಎಂದರಂತೆ. ಸಿಟ್ಟು ಅಪ್ಪನ ಮೇಲೆ ಎಷ್ಟೇ ಇದ್ದರೂ ಮಗನಿಗೆ ಸಿಗಬೇಕಾದ್ದನ್ನು ತಡೆಯಲಿಲ್ಲ.

ಬಿಟ್ಟುಹೋದ ಇಬ್ಬರ ಮನೆಗೂ ಹೋಗಿ ಕ್ಷಮೆ ಕೇಳಿದೆ. ಒಬ್ಬರು ವಾಪಸ್ ಬಂದರು. ಮುಂದಿನ ಡಿಸೆಂಬರ್‌ನಲ್ಲಿ ಬೇಸ್‌ನವರು ಆ ಸಾಲು ಎತ್ತಿಕೊಂಡಾಗ ನಾನು ಟೆನರ್‌ಗಳ ಕಡೆ ತಿರುಗಿದೆ. ನಾಲ್ಕು ಜೋಡಿ ಕಣ್ಣು ಆಗಲೇ ನನ್ನ ಮೇಲಿತ್ತು.