ಚಿಲ್ಲರ್ ಇಲ್ಲದೆ ಲೇಸ್ ಗಿಡ ಬೆಳೆಸಿದೆ

ಮಡಗಾಸ್ಕರ್‌ನ ನೀರಿನೊಳಗೆ ಬೆಳೆಯುವ, ಎಲೆಯೆಲ್ಲ ತೂತುತೂತಾಗಿ ಜಾಲರಿಯಂತಿರುವ ಲೇಸ್ ಗಿಡಕ್ಕೆ ದುಡ್ಡು ಸುರಿಯುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂದು ಅಕ್ವೇರಿಯಂ ಗೆಳೆಯರೆಲ್ಲ ನಕ್ಕಿದ್ದರು. ಅಪೊನೊಜೆಟಾನ್ ಮಡಗಾಸ್ಕರಿಯೆನ್ಸಿಸ್ ಎಂಬ ಶಾಸ್ತ್ರೀಯ ಹೆಸರಿನ ಈ ಗಿಡ ತಂದು ಕೈಸುಟ್ಟುಕೊಂಡವರು ಹಾಗೆ ಹೇಳುವುದು ಸಹಜವೇ. ಆದರೆ ನನ್ನ ತೊಟ್ಟಿಯಲ್ಲಿ ಅದೀಗ ಮೂರನೆಯ ಮಳೆಗಾಲ ನೋಡುತ್ತಿದೆ. ದೊಡ್ಡ ಎಲೆ ಮೊಳದುದ್ದಕ್ಕೆ ಹತ್ತಿರವಿದೆ, ಹೂವೂ ಬಿಟ್ಟಿದೆ. ನಕ್ಕವರಲ್ಲಿ ಇಬ್ಬರು ಬಂದು ಫೋಟೊ ತೆಗೆದುಕೊಂಡು ಹೋದರು.

ಮೊದಲು ತಂದ ಗೆಡ್ಡೆಗಳೆಲ್ಲ ಗಾಜಿನ ತೊಟ್ಟಿಯಲ್ಲೇ ಕೊಳೆತವು. ಸಾಗಣೆ ಸೇರಿ ಒಂದೊಂದಕ್ಕೆ ಎರಡು ಸಾವಿರದ ಆಸುಪಾಸು. ದೀಪ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ಆಮದಿನ ಮಣ್ಣು ಎಂದು ಇನ್ನೊಂದು ಹದಿನೈದು ಸಾವಿರ ಹೋಯಿತು. ಏಪ್ರಿಲ್‌ನಲ್ಲಿ ನೀರು 29 ಡಿಗ್ರಿ ಮುಟ್ಟಿದ್ದೇ ತಡ, ಎಲೆ ಕಪ್ಪಾಗುತ್ತಿತ್ತು. ಗೆಡ್ಡೆಯನ್ನು ಹಿಚುಕಿದರೆ ಬೆರಳು ಒಳಗೇ ಇಳಿದು ನಾತ ಹೊಡೆಯುತ್ತಿತ್ತು. ನೀರು ತಂಪು ಮಾಡುವ ಯಂತ್ರ, ಚಿಲ್ಲರ್ ಹಾಕಿ ಎಂದರು ಗೆಳೆಯರು. ಹತ್ತಿರ ಹತ್ತಿರ ನಲವತ್ತು ಸಾವಿರ, ಅದೂ ನಮ್ಮೂರಿನ ಕರೆಂಟನ್ನು ನಂಬಿ!

ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ. ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ತಾನಾಗಿ ಇಳಿದು ಹಗಲೂ ರಾತ್ರಿಯೂ ಬೀಳುತ್ತದೆ. ಈ ಗಿಡ ಹುಟ್ಟೂರಿನಲ್ಲಿ ಬೆಳೆಯುವುದೂ ಹೊಳೆ, ತೊರೆಗಳಲ್ಲೇ. ಕೊಟ್ಟಿಗೆಯ ಪಕ್ಕದ ನೆರಳಿನಲ್ಲಿ ಸಿಮೆಂಟ್ ತೊಟ್ಟಿ ಕಟ್ಟಿಸಿ, ಅಬ್ಬಿ ನೀರನ್ನು ಕಿರುಬೆರಳು ಗಾತ್ರದ ಧಾರೆಯಾಗಿ ಬಿಟ್ಟೆ. ತುಂಬಿ ಹರಿದದ್ದು ಅಡಿಕೆ ತೋಟಕ್ಕೆ. ತೊಟ್ಟಿ, ಪೈಪು, ನೆರಳು ಬಲೆ ಎಲ್ಲ ಸೇರಿ ಹನ್ನೆರಡು ಸಾವಿರದೊಳಗೆ ಮುಗಿಯಿತು. ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ನಲವತ್ತನ್ನು ದಾಟಿದ್ದಿಲ್ಲ. ಪೈಪನ್ನು ಮಾತ್ರ ಮಣ್ಣಿನಲ್ಲಿ ಹೂಳಲೇಬೇಕು. ಬಿಸಿಲಿಗೆ ಬಿದ್ದ ಪೈಪಿನಿಂದ ಮಧ್ಯಾಹ್ನ ಬರುವುದು ಸ್ನಾನದ ನೀರು.

ಗೆಡ್ಡೆಯಿಂದ ಮೊದಲು ಬಂದ ಎಲೆಗಳಲ್ಲಿ ಒಂದೂ ತೂತಿರಲಿಲ್ಲ. ಮಾರಿದವನು ಟೋಪಿ ಹಾಕಿದ್ದಾನೆ ಎಂದು ಮನೆಯಲ್ಲೂ ಹೇಳಿದರು. ಮೊದಮೊದಲ ಎಲೆಗಳು ಇರುವುದೇ ಹಾಗೆ, ಕಾಯಬೇಕು. ಆಮೇಲಿನ ಎಲೆ ಸುರುಳಿ ಸುತ್ತಿಕೊಂಡು ಕೆಂಪು ಛಾಯೆಯಲ್ಲಿ ಮೇಲೆದ್ದು ಬಿಚ್ಚಿಕೊಳ್ಳುತ್ತದೆ. ಬೆಳಕಿಗೆ ಹಿಡಿದರೆ ನರಗಳ ನಡುವಿನ ಪ್ರತಿ ಚೌಕದ ಮಧ್ಯದಲ್ಲೂ ಬಣ್ಣ ಮಾಸಿ ಗಾಜಿನಷ್ಟು ತಿಳಿಯಾದ ಚುಕ್ಕೆ ಕಾಣುತ್ತದೆ. ಅಲ್ಲಿನ ಜೀವಕೋಶಗಳು ತಾವಾಗಿಯೇ ಸತ್ತು ತೂತು ಬೀಳುತ್ತದೆ, ಅಂಚು ಹಿಗ್ಗುತ್ತದೆ, ನರದ ಪಕ್ಕದ ಹಸಿರು ಮಾತ್ರ ಉಳಿಯುತ್ತದೆ.

ಆ ತೂತುಗಳೇ ಪಾಚಿಗೆ ಮನೆ. ಔಷಧಿ ಸುರಿಯಬೇಡಿ. ನೆರಳು ಬಲೆಯನ್ನು ಎರಡು ಪದರ ಮಾಡಿ, ಹಳ್ಳದ ಸಣ್ಣ ಸೀಗಡಿಗಳನ್ನು ಬಿಟ್ಟೆ, ಹತೋಟಿಗೆ ಬಂತು. ಮಳೆಗಾಲದ ರಾಡಿ ಇದಕ್ಕಿಂತ ದೊಡ್ಡ ಕಾಟ. ಕೆಸರು ಜಾಲರಿಯಲ್ಲಿ ಕೂತರೆ ಎಲೆ ಹೋದಂತೆಯೇ. ಮರಳು, ಇದ್ದಿಲು ತುಂಬಿದ ಡ್ರಮ್ಮಿನ ಮೂಲಕ ನೀರು ಹಾಯಿಸಿದೆ.

ಚಳಿಗಾಲದಲ್ಲಿ ಎಲೆ ಉದುರಿತೆಂದು ಗೆಡ್ಡೆಯನ್ನು ಎಸೆಯುವವರು ಬಹಳ. ಒತ್ತಿ ನೋಡಿ, ಗಟ್ಟಿಯಿದ್ದರೆ ಅದು ಮಲಗಿದೆ ಅಷ್ಟೆ. ನಾನು ಕುಂಡದ ಸಮೇತ ಧಾರೆಯ ಬಾಯಿಗೆ, ಎಲ್ಲಕ್ಕಿಂತ ತಂಪಾದ ಜಾಗಕ್ಕೆ ಸರಿಸುತ್ತೇನೆ. ಎಬ್ಬಿಸುವಾಗ ಕುಂಡದ ತಳಕ್ಕೆ ಹಾಕುವ ಮಿಶ್ರಣದ ಗುಟ್ಟು ಸದ್ಯ ನನ್ನಲ್ಲೇ ಇರಲಿ. ಹುತ್ತದ ಮಣ್ಣು ಅದರಲ್ಲಿದೆ ಎಂದಷ್ಟೇ ಹೇಳಬಲ್ಲೆ.

ನಡುವೆ ಇದರ ಬಂಧು, ನಮ್ಮ ಕೆರೆಗಳ ಅಪೊನೊಜೆಟಾನ್ ನಟಾನ್ಸ್ ಅನ್ನೂ ಪಕ್ಕದ ಕುಂಡದಲ್ಲಿ ನೆಟ್ಟು ನೋಡಿದೆ. ಯಾವ ಉಪಚಾರವೂ ಬೇಡ, ತಿಂಗಳಲ್ಲಿ ನೀರಿನ ಮೇಲೆಲ್ಲ ಹಾಸಿಕೊಂಡು ಬೆಳಕನ್ನೇ ಮುಚ್ಚಿತು, ಕಿತ್ತೆ. ಕಾಡುಬಾದಾಮಿ ಎಲೆ ಹಾಕಿದ್ದರಿಂದ ನೀರು ಚಹಾ ಬಣ್ಣಕ್ಕೆ ತಿರುಗಿತೇ ಹೊರತು ಗಿಡಕ್ಕೆ ಏನೂ ಆಗಲಿಲ್ಲ.

ಹೂದಂಟು ನೀರಿನ ಮೇಲೆ ಬಂದು ಎರಡು ತೆನೆಯಾಗಿ ಕವಲೊಡೆದಾಗ ಬಣ್ಣದ ಕುಂಚದಿಂದ ಪರಾಗ ಸವರಿದೆ. ಬೀಜ ಸ್ವಲ್ಪ ಹೊತ್ತು ತೇಲಿ ಮುಳುಗುತ್ತದೆ, ಒಣಗಿಸಿ ಇಡುವಂತಿಲ್ಲ. ಮೊದಲ ಸಲದ ಸಸಿಗಳನ್ನು ಗೊದಮೊಟ್ಟೆಗಳು ಮೇಯ್ದವು, ಎರಡನೆಯ ಸಲ ಸೊಳ್ಳೆಪರದೆ ಹಾಕಿದೆ. ಈಗ ಇಪ್ಪತ್ತರಷ್ಟು ಸಸಿಗಳಿವೆ, ಒಂದಕ್ಕೆ ಮುನ್ನೂರು ರೂಪಾಯಿ. ಪಾರ್ಸೆಲ್ ಕಳಿಸುವುದಿಲ್ಲ, ಬಂದು ಒಯ್ಯಬೇಕು. ಬೋರ್‌ವೆಲ್ ನೀರಿನವರು ಹೊರಡುವ ಮುಂಚೆ ಮೀಟರ್ ಅದ್ದಿ ನೋಡಿ. ಮುನ್ನೂರು ದಾಟಿದರೆ ನಾನು ಕೊಡುವುದಿಲ್ಲ.