ಏರಿನಲ್ಲಿ ನರಳುವ ಇ-ಸೈಕಲ್‌ಗೆ ಹಳೆ ಸ್ಕೂಟಿಯ ಬೆಲ್ಟ್ ಗೇರ್

ನಮ್ಮ ತೋಟದ ಗೇಟಿನಿಂದ ಮನೆಗೆ ಮುಕ್ಕಾಲು ಕಿಲೋಮೀಟರ್. ಕೊನೆಯ ಇನ್ನೂರು ಮೀಟರ್ ಬರೀ ಏರು. ಮೋಟರ್ ಕಿಟ್ ಹಾಕಿಸಿದ ಇ-ಸೈಕಲ್ ಸಪಾಟಾದ ಕಡೆ ಸಲೀಸಾಗಿ ಓಡುತ್ತಿತ್ತು. ಏರು ಬಂದ ತಕ್ಷಣ ಗುಂಯ್ ಅಂತ ನರಳುತ್ತಿತ್ತು. ಒಂದು ದಿನ ಕ್ಯಾರಿಯರ್ ಮೇಲೆ ಗೊಬ್ಬರ ಹೇರಿಕೊಂಡು ಹತ್ತಿಸಿದೆ. ಮೇಲೆ ತಲುಪುವಾಗ ಮೋಟರ್‌ನಿಂದ ಸುಟ್ಟ ವಾರ್ನಿಷ್ ವಾಸನೆ ಬರುತ್ತಿತ್ತು.

ಮೋಟರ್ ಸಣ್ಣದಾಯಿತು, ದೊಡ್ಡದು ಹಾಕೋಣ ಅಂತ ಎಲ್ಲರೂ ಹೇಳುತ್ತಾರೆ. ಆದರೆ ತಪ್ಪು ಮೋಟರ್‌ನದಲ್ಲ. ಅದನ್ನು ಓಡಬಾರದ ವೇಗದಲ್ಲಿ ಓಡಿಸುತ್ತಿದ್ದೇವೆ, ಅಷ್ಟೆ. 250 ವ್ಯಾಟ್, 24 ವೋಲ್ಟ್‌ನ ಸಾಮಾನ್ಯ ಡಿ.ಸಿ. ಮೋಟರ್ ನಿಮಿಷಕ್ಕೆ 2,750 ಸುತ್ತಿನ ಆಸುಪಾಸಿನಲ್ಲಿ ಆರಾಮಾಗಿರುತ್ತದೆ. ಆಗ ಅದು ಎಳೆಯುವುದು ಸುಮಾರು 14 ಆಂಪಿಯರ್. ಏರಿನಲ್ಲಿ ಸುತ್ತು ಇಳಿದರೆ ಕರೆಂಟ್ ಏರುತ್ತದೆ. ಕರೆಂಟ್ ಎರಡು ಪಟ್ಟಾದರೆ ಸುರುಳಿಯ ಬಿಸಿ ನಾಲ್ಕು ಪಟ್ಟಾಗುತ್ತದೆ. ವಾಸನೆ ಬಂದಿದ್ದು ಅದಕ್ಕೇ.

ಗಾಡಿ ನಿಧಾನವಾದರೂ ಮೋಟರ್ ಮಾತ್ರ ತನ್ನ ವೇಗದಲ್ಲೇ ತಿರುಗುತ್ತಿರಬೇಕು. ಗೇರಿಲ್ಲದ ಸ್ಕೂಟರ್‌ಗಳ ಎಡಬದಿಯ ಉದ್ದನೆಯ ಡಬ್ಬದೊಳಗೆ ಒಂದು ಬೆಲ್ಟ್, ಎರಡು ಪುಲ್ಲಿ ಇದೇ ಕೆಲಸ ಮಾಡುತ್ತಿರುತ್ತವೆ. ಅದನ್ನೇ ಸೈಕಲ್‌ಗೆ ಕೂರಿಸೋಣ. 1958ರಲ್ಲಿ ಡಚ್ಚರ ಡಾಫ್ ಕಾರಿನಲ್ಲೂ ಬೆಲ್ಟ್ ಗೇರ್ ಇತ್ತು. ನಮ್ಮಲ್ಲಿ ಜನರಿಗೆ ಅದರ ರುಚಿ ಹತ್ತಿಸಿದ್ದು ಕೈನೆಟಿಕ್ ಹೋಂಡಾ.

ಒಳಗೆ ಏನಾಗುತ್ತದೆ

ಎರಡು ಊಟದ ತಟ್ಟೆಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಹಿಡಿದುಕೊಳ್ಳಿ. ಮಧ್ಯೆ ‘ವಿ’ ಆಕಾರದ ಸಂದು ಆಗುತ್ತದೆ, ಅಲ್ವಾ? ಅದೇ ಪುಲ್ಲಿ. ತಟ್ಟೆಗಳನ್ನು ಹತ್ತಿರ ತಂದರೆ ಬೆಲ್ಟ್ ಮೇಲಕ್ಕೆ ಏರುತ್ತದೆ, ದೂರ ಮಾಡಿದರೆ ನಡುವಿಗೆ ಇಳಿಯುತ್ತದೆ. ಮೋಟರ್ ಕಡೆ ಒಂದು ಜೋಡಿ, ಚಕ್ರದ ಕಡೆ ಇನ್ನೊಂದು ಜೋಡಿ. ಮುಂದಿನದರಲ್ಲಿ ಬೆಲ್ಟ್ ಇಳಿದರೆ ಹಿಂದಿನದರಲ್ಲಿ ಸ್ಪ್ರಿಂಗ್ ಅದನ್ನು ಏರಿಸುತ್ತದೆ.

ಹಾರ್ಡ್‌ವೇರ್ ಅಂಗಡಿಯ ‘ಎ’ ಸೈಜಿನ ಬೆಲ್ಟೇ ಸಾಕು ಅಂತ ನನಗೂ ಮೊದಲು ಅನ್ನಿಸಿತ್ತು. ಸಾಲುವುದಿಲ್ಲ. ಅದರ ಅಗಲ ಮೇಲ್ಗಡೆ 13 ಮಿ.ಮೀ., ತಳದಲ್ಲಿ ಸುಮಾರು 7. ತಟ್ಟೆ 7 ಮಿ.ಮೀ. ಸರಿಯುವಷ್ಟರಲ್ಲಿ ಒಂದಕ್ಕೊಂದು ತಾಗಿಬಿಡುತ್ತವೆ. ಬೆಲ್ಟ್ ಏರುವುದು ಹತ್ತು ಮಿ.ಮೀ. ಕೂಡ ಇಲ್ಲ. ಸ್ಕೂಟರ್ ಬೆಲ್ಟ್ ಅಗಲ, ಅದರ ಇಳಿಜಾರೂ ಕಡಿದು. ಅದರಲ್ಲಿ ತಟ್ಟೆ 1 ಮಿ.ಮೀ. ಸರಿದರೆ ಬೆಲ್ಟ್ ಸುಮಾರು 2 ಮಿ.ಮೀ. ಏರುತ್ತದೆ. 12–13 ಮಿ.ಮೀ. ಸರಿಸಿದರೆ ನಮಗೆ ಬೇಕಾದ 25 ಮಿ.ಮೀ. ಸಿಕ್ಕಿತು.

ಮೊದಲು ಕಾಗದದ ಮೇಲೆ

ನನ್ನ ಲೆಕ್ಕ ಹೀಗಿತ್ತು. ಮುಂದಿನ ಪುಲ್ಲಿಯಲ್ಲಿ ಬೆಲ್ಟ್ ಓಡುವ ವ್ಯಾಸ 50ರಿಂದ 100 ಮಿ.ಮೀ., ಹಿಂದಿನದರಲ್ಲಿ 120ರಿಂದ 70. ಅಂದರೆ ಹಿಂದಿನ ಪುಲ್ಲಿಯ ಒಂದು ಸುತ್ತಿಗೆ ಮೋಟರ್ ಏರಿನಲ್ಲಿ 2.4, ಸಪಾಟಿನಲ್ಲಿ 0.7 ಸುತ್ತು ತಿರುಗುತ್ತದೆ. ಇದಾದ ಮೇಲೆ ಎರಡು ಚೈನ್: ಮೊದಲನೆಯದು 11 ಹಲ್ಲಿನಿಂದ 55ಕ್ಕೆ, ಎರಡನೆಯದು 11ರಿಂದ 44ಕ್ಕೆ. ಐದು ನಾಲ್ಕಲಿ ಇಪ್ಪತ್ತು. ಒಟ್ಟಿನಲ್ಲಿ ಚಕ್ರದ ಒಂದು ಸುತ್ತಿಗೆ ಮೋಟರ್ ಏರಿನಲ್ಲಿ 48, ಸಪಾಟಿನಲ್ಲಿ 14 ಸುತ್ತು.

26 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.07 ಮೀಟರ್ ಹೋಗುತ್ತದೆ. ಹಾಗಾಗಿ ಮೋಟರ್ 2,750ರಲ್ಲಿ ತಿರುಗುತ್ತಿದ್ದರೆ ಸೈಕಲ್ ವೇಗ ಗಂಟೆಗೆ 7ರಿಂದ 24 ಕಿ.ಮೀ. ಸೈಕಲ್, ನಾನು, ಸಾಮಾನು ಸೇರಿ 110 ಕೆ.ಜಿ. ನೂರು ಮೀಟರಿಗೆ ಎಂಟು ಮೀಟರ್ ಏರುವ ದಾರಿಯಲ್ಲಿ ಅದನ್ನು ತಳ್ಳಲು ಹತ್ತು ಕೆ.ಜಿ. ಹತ್ತಿರದ ಬಲ ಬೇಕು. 14ರ ಗೇರಿನಲ್ಲಿ ಈ ಮೋಟರ್ ಬಿಸಿಯಾಗದೆ ಕೊಡುವುದು ಮೂರೂವರೆ ಕೆ.ಜಿ. 48ರಲ್ಲಿ, ಬೆಲ್ಟ್-ಚೈನ್ ತಿನ್ನುವುದನ್ನು ಕಳೆದರೂ, ಹತ್ತು ಸಿಗುತ್ತದೆ. ಮೋಟರ್ ಅದೇ, ಬ್ಯಾಟರಿಯೂ ಅದೇ.

ಸಾಮಾನು

ಗುಜರಿಯಲ್ಲಿ ಸಣ್ಣ ಸ್ಕೂಟಿಯ ಮುಂದಿನ ಮತ್ತು ಹಿಂದಿನ ಪುಲ್ಲಿ ಹುಡುಕಿ. 110 ಸಿ.ಸಿ. ಸ್ಕೂಟರಿನದು ಸುಮ್ನೆ ಭಾರ. ತಟ್ಟೆಯ ಮೇಲೆ ಉಗುರು ಎಳೆದು ನೋಡಿ, ಗೀರಿಗೆ ಉಗುರು ಸಿಕ್ಕಿಕೊಂಡರೆ ಅದು ಬೇಡ. ಬೆಲ್ಟ್ ಮಾತ್ರ ಹೊಸದೇ ಇರಲಿ. ಜತೆಗೆ 20 ಮಿ.ಮೀ. ಶಾಫ್ಟ್, 6004 ನಂಬರಿನ ಬೇರಿಂಗ್, ಪಕ್ಕದಿಂದ ಬೀಳುವ ಒತ್ತಡ ತಾಳುವ ಒಂದು 51104 ಥ್ರಸ್ಟ್ ಬೇರಿಂಗ್, ಸ್ಪ್ರಾಕೆಟ್‌ಗಳು (ಚೈನಿನ ಹಲ್ಲುಚಕ್ರ), ಸೈಕಲ್ ಫ್ರೀವೀಲ್, ಬ್ರೇಕ್ ಕೇಬಲ್, 6 ಮಿ.ಮೀ. ಪ್ಲೇಟ್. ಲೇತ್ ಅಂಗಡಿಯವರಿಗೆ ಇದನ್ನೆಲ್ಲ ಸುರಿದಾಗ ಅವರು ಕೇಳಿದ್ದು ಒಂದೇ: “ಏನ್ ಸಾರ್, ಸ್ಕೂಟಿನ ಬಿಚ್ಚಿ ಸೈಕಲ್ ಮಾಡಕ್ಕೆ ಹೊರಟ್ರಾ?”

ಮುಂದಿನ ಪುಲ್ಲಿ

ಸ್ಕೂಟರಿನಲ್ಲಿ ತಟ್ಟೆಯನ್ನು ಸರಿಸುವುದು ಒಳಗಿನ ರೋಲರ್‌ಗಳು. ಎಂಜಿನ್ ಜೋರಾಗಿ ತಿರುಗಿದಾಗ ಅವು ಹೊರಕ್ಕೆ ಚಿಮ್ಮಿ ತಟ್ಟೆಯನ್ನು ಒತ್ತುತ್ತವೆ. ನಮ್ಮ ಮೋಟರ್‌ಗೆ ಅಷ್ಟು ವೇಗವಿಲ್ಲ. ಸುತ್ತು ಅರ್ಧವಾದರೆ ರೋಲರಿನ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ರೋಲರ್‌ಗಳನ್ನೂ ಅವುಗಳ ಹಿಂದಿನ ಪ್ಲೇಟನ್ನೂ ಬಿಚ್ಚಿ ಪಕ್ಕಕ್ಕಿಡಿ. ಕೈಯಿಂದಲೇ ಸರಿಸೋಣ.

ಪ್ಲೇಟ್ ಬಿಚ್ಚಿದ ಮೇಲೆ ಸರಿಯುವ ತಟ್ಟೆಗೆ ಶಾಫ್ಟ್ ಜತೆ ತಿರುಗಲು ಆಸರೆ ಇರುವುದಿಲ್ಲ. ಶಾಫ್ಟಿನಲ್ಲಿ ಉದ್ದಕ್ಕೆ ಸೀಳು ಕೊರೆಸಿ ಕೀ (ತಟ್ಟೆಯನ್ನು ಶಾಫ್ಟ್ ಜತೆ ತಿರುಗಿಸುವ ತುಂಡು) ಹಾಕಿಸಿ, ತಟ್ಟೆಯೊಳಗೆ ಗನ್‌ಮೆಟಲ್ ಬುಷ್ (ಒಳಕೊಳವೆ) ಕೂರಿಸಿ. ಎಣ್ಣೆ ಹಚ್ಚಿದಾಗ ತನ್ನ ಭಾರಕ್ಕೆ ತಾನೇ ಜಾರಬೇಕು, ಆದರೆ ಅಲ್ಲಾಡಬಾರದು. ಇಲ್ಲಿ ಲೇತಿನವರನ್ನು ಅವಸರ ಮಾಡಬೇಡಿ. ಈ ಶಾಫ್ಟಿಗೆ ಅದರದೇ ಎರಡು ಬೇರಿಂಗ್ ಇರಲಿ. ಮೋಟರ್‌ನ ಸಣ್ಣ ಶಾಫ್ಟಿಗೆ ನೇರ ಪುಲ್ಲಿ ಕೂರಿಸಿದರೆ ಬಾಗುತ್ತದೆ. ನಡುವೆ ರಬ್ಬರ್ ಇರುವ ಕಪ್ಲಿಂಗ್ ಹಾಕಿ.

ತಟ್ಟೆಯ ಬೆನ್ನಿಗೆ ಥ್ರಸ್ಟ್ ಬೇರಿಂಗ್, ಅದರ ಬೆನ್ನಿಗೆ ಕವೆಗೋಲಿನಂಥ ಒಂದು ಫೋರ್ಕ್. ಫೋರ್ಕಿನ ಉದ್ದನೆಯ ತೋಳು ಗಿಡ್ಡ ತೋಳಿನ ಮೂರರಷ್ಟಿರಲಿ. ಆಗ ಕೇಬಲ್ 40 ಮಿ.ಮೀ. ಎಳೆದರೆ ತಟ್ಟೆ 13 ಮಿ.ಮೀ. ಸರಿಯುತ್ತದೆ. ಹ್ಯಾಂಡಲ್‌ಗೆ ನಾನು ಹಾಕಿದ್ದು ಹಳೆ ಪವರ್ ಟಿಲ್ಲರಿನ ಆಕ್ಸಿಲರೇಟರ್ ಲಿವರ್, ತೋಳು ಸ್ವಲ್ಪ ಉದ್ದ ಮಾಡಿಸಿ. ಬಿಟ್ಟಲ್ಲೇ ನಿಲ್ಲುತ್ತದೆ.

ಹಿಂದಿನ ಪುಲ್ಲಿ, ನನ್ನ ತಪ್ಪು

ಹಿಂದಿನ ಪುಲ್ಲಿಯಿಂದ ಕ್ಲಚ್ ಬಿಚ್ಚಿಹಾಕಿ. ಮೋಟರ್ ನಿಂತಲ್ಲಿಂದಲೇ ಎಳೆಯುತ್ತದೆ, ಅದಕ್ಕೆ ಕ್ಲಚ್ ಬೇಡ. ಪುಲ್ಲಿಯನ್ನು ಬುಷ್ ಹಾಕಿ ಶಾಫ್ಟಿಗೆ ಲಾಕ್ ಮಾಡಿಸಿ. ಸ್ಕೂಟಿಯ ಸ್ಪ್ರಿಂಗ್ ನಮಗೆ ವಿಪರೀತ ಗಟ್ಟಿ. 15–20 ಕೆ.ಜಿ. ಒತ್ತುವಂಥದ್ದು ಸಾಕು. ಅಳೆಯುವುದು ಸುಲಭ: ಮನೆಯಲ್ಲಿ ತೂಕ ನೋಡುವ ಮೆಷಿನ್ ಮೇಲೆ ಸ್ಪ್ರಿಂಗ್ ನಿಲ್ಲಿಸಿ, ಮೇಲೊಂದು ಹಲಗೆ ಇಟ್ಟು, ಪುಲ್ಲಿಯಲ್ಲಿ ಕೂರುವ ಉದ್ದಕ್ಕೆ ಬರುವ ತನಕ ಒತ್ತಿ. ಮುಳ್ಳು ತೋರಿಸಿದ್ದೇ ಲೆಕ್ಕ.

ಈ ಪುಲ್ಲಿಯ ಕೊಳವೆಯಲ್ಲಿ ಓರೆಯಾದ ಸೀಳುಗಳಿರುತ್ತವೆ, ಅವುಗಳಲ್ಲಿ ಪಿನ್ ಓಡುತ್ತದೆ. ಭಾರ ಬಿದ್ದಷ್ಟೂ ತಟ್ಟೆಗಳು ಬೆಲ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಲಿ ಅಂತ ಈ ಏರ್ಪಾಡು. ಆದರೆ ಒಂದೇ ದಿಕ್ಕಿಗೆ. ಎಡಗಡೆ ಸ್ಟ್ಯಾಂಡ್ ಅಡ್ಡ ಬರುತ್ತದೆ ಅಂತ ನಾನು ಎಲ್ಲವನ್ನೂ ಬಲಗಡೆಗೆ ತಿರುಗಿಸಿ ಕೂರಿಸಿದ್ದೆ. ಭಾರ ಬಿದ್ದಾಗಲೆಲ್ಲ ತಟ್ಟೆಗಳು ಬಿಗಿಯಾಗುವ ಬದಲು ಬಾಯಿ ಬಿಡುತ್ತಿದ್ದವು. ಬೆಲ್ಟ್ ಜಾರಿ ಕಪ್ಪು ಪುಡಿ ಉದುರಿತು. ಮೂರು ಸಂಜೆ ಸ್ಪ್ರಿಂಗಿಗೆ ಬೈದೆ. ಸ್ಕೂಟರಿನಲ್ಲಿ ಹೇಗಿದೆಯೋ ಹಾಗೇ, ಎಡಗಡೆ, ಕ್ಲಚ್ ಇದ್ದ ಮುಖ ಹೊರಗೆ ಬರುವಂತೆ ಕೂರಿಸಿ.

ಇನ್ನೊಂದು ಮಾತು. ಮುಂದಿನದರಲ್ಲಿ ಒಳಗಿನ ತಟ್ಟೆ ಸರಿದರೆ ಹಿಂದಿನದರಲ್ಲಿ ಹೊರಗಿನದು ಸರಿಯಬೇಕು. ಆಗ ಬೆಲ್ಟ್ ಎರಡೂ ಕಡೆ ಒಟ್ಟಿಗೆ ಪಕ್ಕಕ್ಕೆ ಹೋಗುತ್ತದೆ. ಒಂದೇ ಬದಿಯವು ಸರಿದರೆ ಬೆಲ್ಟ್ ಓರೆಯಾಗಿ ಓಡಿ ಅಂಚು ಸವೆಯುತ್ತದೆ.

ಜೋಡಣೆ

ಬೆಲ್ಟಿನ ಉದ್ದ ಮೊದಲು, ಶಾಫ್ಟುಗಳ ಅಂತರ ಆಮೇಲೆ. 720 ಮಿ.ಮೀ. ಬೆಲ್ಟ್ ಆದರೆ ಮೇಲಿನ ಅಳತೆಗೆ ನಡುವಿನ ದೂರ 224 ಮಿ.ಮೀ. ಬರುತ್ತದೆ. ಪ್ಲೇಟಿನಲ್ಲಿ ತೂತಿನ ಬದಲು ಉದ್ದನೆಯ ಸೀಳು ಕೊರೆಸಿ, ಹತ್ತು ಮಿ.ಮೀ. ಆಚೀಚೆ ಆಡಿಸಲು ಬರುತ್ತದೆ. ವೆಲ್ಡಿಂಗ್ ಮಾಡುವ ಮೊದಲು ಬ್ಯಾಟರಿ, ಕಂಟ್ರೋಲರ್ ಎರಡನ್ನೂ ಬಿಚ್ಚಿಡಿ.

ಎರಡು ಚೈನಿನ ನಡುವಿನ ಶಾಫ್ಟಿನಲ್ಲಿ 55 ಹಲ್ಲಿನ ಸ್ಪ್ರಾಕೆಟ್ ಫ್ರೀವೀಲ್ ಮೇಲಿರಲಿ. ಬ್ಯಾಟರಿ ಖಾಲಿಯಾದ ದಿನ ಬೆಲ್ಟ್ ಎಳೆಯದೆ ಪೆಡಲ್ ತುಳಿಯಬಹುದು. 44 ಹಲ್ಲಿನದನ್ನು ಹಿಂದಿನ ಹಬ್ಬಿನ ಎಡಗಡೆ, ಡಿಸ್ಕ್ ಬ್ರೇಕ್ ಕೂರುವ ಆರು ಬೋಲ್ಟಿನ ಜಾಗಕ್ಕೆ ಕಟ್ಟಿ. ಹಿಂದೆ ರಿಮ್ ಬ್ರೇಕ್ ಇರಲೇಬೇಕು. ಬ್ರೇಕ್ ಹಿಡಿದರೆ ಮೋಟರ್ ಕಟ್ ಆಗುವ ಸ್ವಿಚ್ಚು, ಬ್ಯಾಟರಿಯ ಪಕ್ಕದಲ್ಲೇ 20 ಆಂಪಿಯರ್ ಫ್ಯೂಸ್ ಕೂಡ. ಬೆಲ್ಟಿನ ಮೇಲೆ ತಗಡಿನ ಮುಚ್ಚಳ ಹಾಕದೆ ಹೊರಗೆ ತರಬೇಡಿ. ಲುಂಗಿ, ದುಪಟ್ಟಾ, ಬೆರಳು ಯಾವುದನ್ನೂ ಅದು ಬಿಡುವುದಿಲ್ಲ. ಮಳೆನೀರು ಬಿದ್ದರೂ ಬೆಲ್ಟ್ ಜಾರುತ್ತದೆ.

250 ವ್ಯಾಟ್‌ಗಿಂತ ಕಡಿಮೆ ಶಕ್ತಿ, 25 ಕಿ.ಮೀ.ಗಿಂತ ಕಡಿಮೆ ವೇಗದ ಇ-ಸೈಕಲ್‌ಗೆ ನೋಂದಣಿ ಬೇಡ ಅನ್ನುತ್ತಾರಲ್ಲ, ಆ ರಿಯಾಯಿತಿ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಪಡೆದ ಗಾಡಿಗೆ. ಮನೆಯಲ್ಲಿ ಕಟ್ಟಿದ್ದನ್ನು ನಮ್ಮ ನಮ್ಮ ತೋಟದೊಳಗೇ ಓಡಿಸೋಣ.

ಓಡಿಸುವಾಗ

ಸಪಾಟು ನೆಲದಲ್ಲಿ ಇದು ನಷ್ಟದ ವ್ಯಾಪಾರ. ಚೈನಿಗಿಂತ ಬೆಲ್ಟ್ ಶಕ್ತಿಯನ್ನು ಜಾಸ್ತಿ ತಿನ್ನುತ್ತದೆ. ನಿಮ್ಮೂರಲ್ಲಿ ಏರಿಲ್ಲದಿದ್ದರೆ ಇಷ್ಟೆಲ್ಲ ಮಾಡಲೇಬೇಡಿ.

ನಿಂತ ಬೆಲ್ಟ್ ಸರಿಯುವುದಿಲ್ಲ. ಲಿವರ್ ಒತ್ತಾಯ ಮಾಡಿದರೆ ಫೋರ್ಕ್ ಬಾಗುತ್ತದೆ. ಹಾಗಾಗಿ ನಿಲ್ಲಿಸುವ ಮೊದಲೇ, ಸೈಕಲ್ ಇನ್ನೂ ಉರುಳುತ್ತಿರುವಾಗ, ಆಕ್ಸಿಲರೇಟರ್ ಒಂಚೂರು ತಿರುವಿ. ಫ್ರೀವೀಲ್ ಇರುವುದರಿಂದ ಮೋಟರ್ ಬರಿದೇ ತಿರುಗುತ್ತದೆ. ಆಗ ಲಿವರನ್ನು ಏರಿನ ಕಡೆಗೆ ತನ್ನಿ. ಗೇಟಿನ ಹತ್ತಿರ ಬರುವಾಗ ಇದನ್ನು ಮರೆತರೆ, ಇಳಿದು ಹಿಂದಿನ ಚಕ್ರ ಎತ್ತಿ ಹಿಡಿದು ಮೋಟರ್ ತಿರುಗಿಸಿಕೊಳ್ಳಬೇಕು. ನಾನು ಈಗಲೂ ವಾರಕ್ಕೊಮ್ಮೆ ಎತ್ತುತ್ತೇನೆ.