ಹೆರಿಗೆಯಲ್ಲಿ ಗಾಯಗೊಂಡ ತಾಯಂದಿರ ಕಥೆ ಕೇಳುವುದು ಹೇಗೆ

ಹೆರಿಗೆಯ ಗಾಯದ ಬಗ್ಗೆ ಹೆಂಗಸರು ಬಾಯಿಬಿಡದಿರುವುದಕ್ಕೆ ನಾಚಿಕೆಯೊಂದೇ ಕಾರಣವಲ್ಲ. "ಮಗು ಚೆನ್ನಾಗಿದೆಯಲ್ಲ, ಇನ್ನೇನು" ಅನ್ನುವ ಮಾತೇ ಎಷ್ಟೋ ಜನರ ಬಾಯಿ ಕಟ್ಟಿಹಾಕುತ್ತದೆ. ಮೂತ್ರ ಸೋರುತ್ತದೆ, ಗ್ಯಾಸ್ ತಡೆಯಲಾಗುವುದಿಲ್ಲ, ಕೆಳಗೆ ಏನೋ ಜಾರಿದ ಹಾಗಿರುತ್ತದೆ, ಹೊಲಿಗೆ ಹಾಕಿದ ಜಾಗ ತಿಂಗಳುಗಟ್ಟಲೆ ನೋಯುತ್ತದೆ. ಇದನ್ನೆಲ್ಲ ಹೇಳಿಕೊಳ್ಳಲು ಕೆಲವೇ ಜನರ ಸಣ್ಣ ಗುಂಪು ಒಳ್ಳೆಯ ಜಾಗ. ಆದರೆ ಕಥೆ ಎಲ್ಲಿ ಶುರುವಾಗಬೇಕು, ಎಲ್ಲಿ ನಿಲ್ಲಬೇಕು, ಯಾರ ಕಿವಿಗೆ ಬೀಳಬೇಕು ಎಂಬುದು ಹೇಳುವವಳ ತೀರ್ಮಾನ. ನಡೆಸುವವರು ಇದೊಂದನ್ನು ಮರೆತರೆ ಉಳಿದ ತಯಾರಿಯೆಲ್ಲ ವ್ಯರ್ಥ.

ಮೊದಲು ಚಿಕಿತ್ಸೆ, ಆಮೇಲೆ ಕಥೆ. ಜ್ವರ, ದುರ್ವಾಸನೆಯ ಸ್ರಾವ, ಬಿಚ್ಚಿಕೊಂಡ ಹೊಲಿಗೆ ಇದ್ದರೆ ಅವತ್ತೇ ವೈದ್ಯರ ಬಳಿಗೆ ಕಳಿಸಿ. ಹೆರಿಗೆಯಾದ ಕೂಡಲೇ ಕೂರಿಸಿಕೊಂಡು ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿಸುವ ಪದ್ಧತಿ ಬೇಡ. ಅದರಿಂದ ಲಾಭ ಕಂಡುಬಂದಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು. ತಾನಾಗಿ ಬರಬೇಕು ಅನ್ನಿಸಿದಾಗ ಬರಲಿ, ಅದು ವರ್ಷಗಳ ನಂತರವಾದರೂ ಸರಿ.

ಗುಂಪಿನಲ್ಲಿ 5ರಿಂದ 8 ಜನ, ನಡೆಸಲು ಇಬ್ಬರು. ಒಬ್ಬರು ಮಾತು ನಡೆಸಿದರೆ ಇನ್ನೊಬ್ಬರು ಮುಖಗಳನ್ನು ಗಮನಿಸುತ್ತ, ಎದ್ದು ಹೊರಹೋದವರ ಜೊತೆ ಹೋಗಬೇಕು. ಒಂದೂವರೆ ಗಂಟೆ ಸಾಕು, ನಡುವೆ ಬಿಡುವು ಇರಲಿ. ಶೌಚಾಲಯ ಹತ್ತಿರವಿರಬೇಕು, ಅಲ್ಲಿ ಪ್ಯಾಡ್, ನೀರು, ಮುಚ್ಚಳದ ಡಬ್ಬಿ ಇರಲಿ. ಗಟ್ಟಿ ಕುರ್ಚಿಯಲ್ಲಿ ಹೊಲಿಗೆಯ ಮೇಲೆ ಭಾರ ಬೀಳುವುದರಿಂದ ಮೆತ್ತೆ ಇಡಿ. ನಿಂತೋ ಒರಗಿಯೋ ಮಾತಾಡಬಹುದು ಎಂದು ಮೊದಲೇ ಹೇಳಿ. ಫಿಸ್ಟುಲಾ (ಹೆರಿಗೆಯ ಗಾಯದಿಂದ ಮೂತ್ರಕೋಶಕ್ಕೂ ಯೋನಿಗೂ ನಡುವೆ ಆಗುವ ತೂತು) ಶಸ್ತ್ರಚಿಕಿತ್ಸೆಯಾಗಿ ಕ್ಯಾತಿಟರ್ (ಮೂತ್ರ ಹೊರಹರಿಸುವ ನಳಿಕೆ) ಇನ್ನೂ ಇರುವವರು ಬಂದರೆ ಮೂತ್ರದ ಚೀಲ ಮೂತ್ರಕೋಶಕ್ಕಿಂತ ಕೆಳಗೆ ತೂಗಬೇಕು, ನಳಿಕೆ ತೊಡೆಯಡಿ ಸಿಕ್ಕಿಕೊಳ್ಳಬಾರದು. ಮೂತ್ರ ಕಟ್ಟಿಕೊಂಡು ಮೂತ್ರಕೋಶ ಹಿಗ್ಗಿದರೆ ಹೊಸ ಹೊಲಿಗೆ ಬಿಚ್ಚಿಹೋಗಬಹುದು. ಚೀಲಕ್ಕೆ ಮೂತ್ರ ಬರುವುದು ನಿಂತರೆ ಕಥೆಯನ್ನೂ ಅಲ್ಲೇ ನಿಲ್ಲಿಸಿ, ನರ್ಸ್ ಅನ್ನು ಕರೆಯಿರಿ.

ಮೊದಲ ದಿನ ಹೆರಿಗೆಯ ಕಥೆ ಕೇಳಲೇಬೇಡಿ. ಗುಂಪಿನ ಕಟ್ಟುಪಾಡುಗಳನ್ನು ಒಟ್ಟಿಗೆ ಮಾಡಿಕೊಳ್ಳಿ: ಇಲ್ಲಿ ಕೇಳಿದ್ದು ಹೊರಗೆ ಹೋಗಕೂಡದು, ಸಲಹೆ ಕೊಡುವ ಹಾಗಿಲ್ಲ, ಕೈ ಎತ್ತಿದರೆ ಅಲ್ಲಿಗೇ ಮಾತು ನಿಂತಿತು. ಎರಡನೇ ಭೇಟಿಯಲ್ಲಿ ಒಂದೇ ಒಂದು ಗಳಿಗೆಯನ್ನು ಆರಿಸಿಕೊಳ್ಳಲು ಹೇಳಿ. "ಏನಾಯಿತು, ಪೂರ್ತಿ ಹೇಳಿ" ಅಂದರೆ ನೋವಿನ ತುದಿಗೇ ತಳ್ಳಿದಂತಾಗುತ್ತದೆ. "ಎಲ್ಲಿಂದ ಹೇಳೋಣ ಅನ್ನಿಸುತ್ತೆ?" ಅಂತ ಕೇಳಿ. ಒಬ್ಬಳು ಆಸ್ಪತ್ರೆಯ ಬಾಗಿಲಿಂದ ಶುರು ಮಾಡಬಹುದು, ಇನ್ನೊಬ್ಬಳು ಮನೆಗೆ ಬಂದ ಮೇಲೆ ಮೊದಲ ಸಲ ನಕ್ಕಾಗ ಬಟ್ಟೆ ಒದ್ದೆಯಾದದ್ದರಿಂದ. ಹತ್ತು ನಿಮಿಷ ಅವಳದು. ಮೌನವಿದ್ದರೆ ಇರಲಿ, ನೀವು ತುಂಬಬೇಡಿ.

ಕೇಳುವವರಿಗೂ ಅಭ್ಯಾಸ ಬೇಕು. "ನನ್ನದು ಇನ್ನೂ ಜೋರಿತ್ತು" ಎಂಬ ಒಂದೇ ಮಾತಿಗೆ ಹೇಳುತ್ತಿದ್ದವಳು ಮುದುಡಿಬಿಡುತ್ತಾಳೆ. ಚರ್ಮ ಮಾತ್ರ ಹರಿದ 1ನೇ ದರ್ಜೆಯ ಗಾಯದಿಂದ ಹಿಡಿದು, ಗುದದ ಸ್ನಾಯು ಹರಿಯುವ 3ನೇ ದರ್ಜೆ, ಗುದನಾಳದ ಒಳಪೊರೆಯವರೆಗೂ ಹೋಗುವ 4ನೇ ದರ್ಜೆಯವರೆಗೆ ಗಾಯಗಳಲ್ಲಿ ವ್ಯತ್ಯಾಸವಿದೆ ನಿಜ. ಆದರೆ ಆ ಅಳತೆ ಹೊಲಿಗೆ ಹಾಕುವವರಿಗೆ, ಸಂಕಟ ಅಳೆಯುವುದಕ್ಕಲ್ಲ. ಇನ್ನೊಂದು ಅಪಾಯದ ಮಾತು, "ಹೆತ್ತವರಿಗೆಲ್ಲ ಹೀಗೇ ಅಂತೆ." ಅದನ್ನು ಹಾಗೇ ಬಿಡಬೇಡಿ. ಸೋರಿಕೆ ಹಲವರಿಗೆ ಇದೆ, ಆದರೆ ಸಹಿಸಿಕೊಂಡೇ ಇರಬೇಕಾದದ್ದಲ್ಲ ಎಂದು ಕಥೆ ಮುಗಿದ ಮೇಲೆ ನಿಧಾನವಾಗಿ ಹೇಳಿ. ಕೆಮ್ಮಿದಾಗ, ಸೀನಿದಾಗ ಸೋರುವವರಿಗೆ ಶ್ರೋಣಿಯ (ಕಿಬ್ಬೊಟ್ಟೆಯ ತಳದ) ಸ್ನಾಯುಗಳನ್ನು ಬಿಗಿದು ಸಡಿಲಿಸುವ ವ್ಯಾಯಾಮವನ್ನು ದಿನಕ್ಕೆ 3 ಸಲ, ಸಲಕ್ಕೆ ಕನಿಷ್ಠ 8 ಬಿಗಿತ, ಕನಿಷ್ಠ 3 ತಿಂಗಳು ಎಂದು ಫಿಸಿಯೋಥೆರಪಿಸ್ಟ್‌ಗಳು ಕಲಿಸುತ್ತಾರೆ. ಅವರ ಹತ್ತಿರವೇ ಕಲಿಯಲಿ. ಸದಾಕಾಲ ಸೋರುತ್ತಲೇ ಇದ್ದರೆ ಫಿಸ್ಟುಲಾ ಇರಬಹುದು, ಅದಕ್ಕೆ ತಜ್ಞರ ತಪಾಸಣೆಯೇ ಬೇಕು.

ಹೇಳುತ್ತ ಹೇಳುತ್ತ ಅವಳ ಉಸಿರು ಬಿಗಿಯಾದರೆ, ದೃಷ್ಟಿ ಎಲ್ಲೋ ನೆಟ್ಟರೆ ಅವಳು ಮತ್ತೆ ಆ ಹೆರಿಗೆ ಕೋಣೆಯಲ್ಲೇ ಇದ್ದಾಳೆ ಅಂತ ತಿಳಿಯಿರಿ. ಪ್ರಶ್ನೆ ಕೇಳಬೇಡಿ, ಕೇಳದೆ ಮುಟ್ಟಬೇಡಿ. ಹೆಸರು ಹಿಡಿದು ಕರೆದು, ಪಾದ ನೆಲಕ್ಕೆ ಒತ್ತಲು ಹೇಳಿ. ಕಣ್ಣಿಗೆ ಕಾಣುವ ಐದು ವಸ್ತುಗಳನ್ನು ಹೆಸರಿಸಲಿ. ಆ ದಿನ ಕಥೆ ಮುಂದುವರಿಸಬೇಡಿ. ಸಾಯುವ ಮಾತು ಬಂದರೆ ಒಬ್ಬಳನ್ನೇ ಮನೆಗೆ ಕಳಿಸದೆ, ಮಾನಸಿಕ ಆರೋಗ್ಯ ತಜ್ಞರಿಗೆ ಅವತ್ತೇ ಒಪ್ಪಿಸಿ.

ಕಥೆಯನ್ನು ಬರೆದಿಡುವುದಾದರೆ ಅವಳ ಮಾತಿನಲ್ಲೇ ಬರೆದು, ಓದಿ ಹೇಳಿ, ತಿದ್ದಲು ಬಿಡಿ. "ಈಗ ಎಲ್ಲ ಸರಿಹೋಯಿತು" ಎಂಬ ಸುಖಾಂತ್ಯವನ್ನು ನೀವು ಅಂಟಿಸಬೇಡಿ. ಇನ್ನೂ ಸೋರುತ್ತಿರುವ ಇನ್ನೊಬ್ಬಳು ಅದನ್ನು ಓದಿದರೆ ತಪ್ಪು ತನ್ನದೇ ಅಂದುಕೊಳ್ಳುತ್ತಾಳೆ. ಹೊರಗೆ ಹಂಚಿಕೊಳ್ಳಲು ಒಪ್ಪಿಗೆಯನ್ನು ಎರಡು ಸಲ ಕೇಳಿ: ಹೇಳಿದ ದಿನ ಒಮ್ಮೆ, ಎರಡು ವಾರ ಬಿಟ್ಟು ಮತ್ತೊಮ್ಮೆ. ಬರಹ, ಧ್ವನಿ, ಫೋಟೊ ಮೂರಕ್ಕೂ ಬೇರೆ ಬೇರೆ ಒಪ್ಪಿಗೆ ಬೇಕು. ಹೆಸರು ಬದಲಿಸಿದರೆ ಸಾಲದು. ಮಕ್ಕಳ ಸಂಖ್ಯೆ, ಗಂಡನ ಕೆಲಸ, ಹೆರಿಗೆಯ ತಿಂಗಳು ಸೇರಿದರೆ ಪರಿಚಯದವರು ಗುರುತು ಹಿಡಿಯುತ್ತಾರೆ. ಇಂಟರ್ನೆಟ್‌ಗೆ ಹೋದದ್ದನ್ನು ಪೂರ್ತಿ ವಾಪಸ್ ಪಡೆಯಲಾಗುವುದಿಲ್ಲ ಎಂಬುದನ್ನು ಸಹಿ ಹಾಕಿಸಿಕೊಳ್ಳುವ ಮೊದಲೇ ಬಿಡಿಸಿ ಹೇಳಿ. ಬೇಡ ಅಂದವಳಿಗೂ ಗುಂಪಿನಲ್ಲಿ ಮೊದಲಿನಷ್ಟೇ ಜಾಗ, ಅಷ್ಟೇ ಚಿಕಿತ್ಸೆಯ ನೆರವು ಸಿಗಬೇಕು, ಕಾರಣ ಕೇಳಕೂಡದು.